ಒತ್ತಡಕ್ಕೆ ಸಿಕ್ಕ ಇಲಿಯಲ್ಲಿ ಡೋಪಮೈನ್ ಇಳಿಯುತ್ತದೆಯೇ?

ದಾವಣಗೆರೆಯ ಫಾರ್ಮಸಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ‘ಒತ್ತಡದಿಂದ ಡೋಪಮೈನ್ (ಸುಖ, ಆಸೆಗಳಿಗೆ ನಂಟಿರುವ ಮಿದುಳಿನ ರಾಸಾಯನಿಕ) ಇಳಿಯುತ್ತದೆ’ ಅಂತ ಒಂದು ಸಾಲು ಸಲೀಸಾಗಿ ಬಂದುಬಿಡುತ್ತದೆ. ಯಾವ ಒತ್ತಡ, ಎಷ್ಟು ದಿನ ಅಂತ ಕೇಳದೆ ಹಾಗೆ ಬರೆಯಬಾರದು. ಬಲಶಾಲಿ ಇಲಿಯ ಕೈಯಲ್ಲಿ ದಿನಾ ಸೋಲುಣ್ಣಿಸುವ ‘ಸಾಮಾಜಿಕ ಸೋಲಿನ’ ಪ್ರಯೋಗದಲ್ಲಿ ಕಾಣುವುದು ಹೆಚ್ಚುಕಡಿಮೆ ಉಲ್ಟಾ.

ಸಿ57 ತಳಿಯ ಕಪ್ಪು ಗಂಡು ಇಲಿಯನ್ನು ದಿನಕ್ಕೆ 5ರಿಂದ 10 ನಿಮಿಷ, ಗಾತ್ರದಲ್ಲಿ ದೊಡ್ಡದಾದ ಜಗಳಗಂಟ ಸಿಡಿ-1 ತಳಿಯ ಗಂಡಿನ ಬೋನಿಗೆ ಬಿಡುತ್ತಾರೆ. ಆಮೇಲೆ ತೂತುಗಳಿರುವ ಪಾರದರ್ಶಕ ತಡಿಕೆ ಅಡ್ಡ ಇಟ್ಟು ಎರಡನ್ನೂ ಮರುದಿನದವರೆಗೆ ಅಲ್ಲೇ ಇರಿಸುತ್ತಾರೆ. ಕಚ್ಚಾಟ ನಿಮಿಷಗಳ ಲೆಕ್ಕ, ವಾಸನೆ ಮತ್ತು ಕಣ್ಣೆದುರಿನ ಬೆದರಿಕೆ ದಿನವಿಡೀ. ಹೀಗೆ 10 ದಿನ, ದಿನಕ್ಕೊಂದು ಹೊಸ ಎದುರಾಳಿ.

ಪ್ರಯೋಗ ಕೆಡುವುದು ಹೆಚ್ಚಾಗಿ ಎದುರಾಳಿಯ ಆಯ್ಕೆಯಲ್ಲಿ. ಸಿಡಿ-1 ಗಂಡುಗಳೆಲ್ಲ ಜಗಳಕ್ಕೆ ಬೀಳುವುದಿಲ್ಲ. ದಿನಕ್ಕೆ 3 ನಿಮಿಷದಂತೆ 3 ದಿನ ನೋಡಿ, ಸತತ ಎರಡು ಸಲ 60 ಸೆಕೆಂಡಿನೊಳಗೆ ಮೇಲೆರಗಿದವನ್ನು ಮಾತ್ರ ಉಳಿಸಿಕೊಳ್ಳಬೇಕು. ನಮ್ಮ ರೈಸ್ ಮಿಲ್‌ಗಳ ಭತ್ತದ ಹೊಟ್ಟನ್ನು ಜರಡಿ ಹಿಡಿದು, ಧೂಳು ತೆಗೆದು, ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದರೆ) ಬೋನಿಗೆ ಹಾಸಬಹುದು. ಆದರೆ ಜಗಳಕ್ಕೆ ಬಿಡುವ ಹೊತ್ತಿಗೇ ಹೊಟ್ಟು ಬದಲಿಸಿದರೆ ‘ಇದು ನನ್ನ ಜಾಗ’ ಅನ್ನುವ ವಾಸನೆ ಹೋಗಿ ಏಟು ಸಡಿಲವಾಗುತ್ತದೆ. ಗಾಯ ಆಳವಾದ ಇಲಿಯನ್ನು ಪ್ರಯೋಗದಿಂದ ತೆಗೆಯಲೇಬೇಕು. ಪ್ರಾಣಿ ನೈತಿಕ ಸಮಿತಿಯ ಷರತ್ತು ಅಂತಷ್ಟೇ ಅಲ್ಲ, ನೋವಿಗೆ ಮುದುಡಿದ ಇಲಿ ಕುಗ್ಗಿದ ಇಲಿಯಂತೆಯೇ ಕಾಣುತ್ತದೆ.

11ನೇ ದಿನ ಮಂದ ಕೆಂಪು ಬೆಳಕಿನಲ್ಲಿ ಪರೀಕ್ಷೆ. ಸುಮಾರು 42 ಸೆಂ.ಮೀ. ಚೌಕದ ಪೆಟ್ಟಿಗೆ, ಒಂದು ಬದಿಗೆ ತಂತಿ ಜಾಲರಿಯ ಗೂಡು. ಗೂಡು ಖಾಲಿ ಇದ್ದಾಗ 150 ಸೆಕೆಂಡು, ಅದರೊಳಗೆ ಅಪರಿಚಿತ ಸಿಡಿ-1 ಇದ್ದಾಗ 150 ಸೆಕೆಂಡು. ಎರಡನೆಯ ಸಲ ಗೂಡಿನ ಬಳಿ ಕಳೆದ ಸಮಯವನ್ನು ಮೊದಲನೆಯ ಸಲದ ಸಮಯದಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಕುಗ್ಗಿದ ಇಲಿ, ಹೆಚ್ಚು ಬಂದರೆ ತಾಳಿಕೊಂಡ ಇಲಿ. ಒಂದೇ ತಳಿ, ಒಂದೇ ಬಗೆಯ ಏಟು, ಆದರೂ ಒಂದು ಪಾಲು ತಾಳಿಕೊಳ್ಳುತ್ತದೆ. ಇಡೀ ಪ್ರಯೋಗದ ಸ್ವಾರಸ್ಯ ಇಲ್ಲೇ ಇರುವುದು. ಹಾಗಾಗಿ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆಯುವವರನ್ನು ಕಂಡರೆ ಬೇಜಾರಾಗುತ್ತದೆ.

ಕುಗ್ಗಿದ ಇಲಿಗಳಲ್ಲಿ ನಡುಮಿದುಳಿನ ವಿಟಿಎ (ವೆಂಟ್ರಲ್ ಟೆಗ್‌ಮೆಂಟಲ್ ಏರಿಯಾ) ಭಾಗದ ಡೋಪಮೈನ್ ಕೋಶಗಳು ಹೆಚ್ಚು ಮಿಡಿಯುತ್ತವೆ, ಅಂದರೆ ಹೆಚ್ಚು ವಿದ್ಯುತ್ ಸಂಕೇತ ಹೊಮ್ಮಿಸುತ್ತವೆ. ಅಲ್ಲಿಂದ, ಸುಖಕ್ಕೆ ಸ್ಪಂದಿಸುವ ಮಿದುಳಿನ ಭಾಗವಾದ ನ್ಯೂಕ್ಲಿಯಸ್ ಅಕಂಬೆನ್ಸ್‌ಗೆ ಹೋಗುವ ಬಿಡಿಎನ್‌ಎಫ್ ಎಂಬ ಪ್ರೋಟೀನೂ ಏರುತ್ತದೆ. ತಾಳಿಕೊಂಡ ಇಲಿಗಳು ಸುಮ್ಮನೆ ಪಾರಾದವಲ್ಲ. ಅವುಗಳ ಕೋಶಗಳಲ್ಲಿ ಪೊಟ್ಯಾಸಿಯಂ ಚಾನೆಲ್‌ಗಳು (ಕೋಶದ ಪೊರೆಯ ಪೊಟ್ಯಾಸಿಯಂ ಬಾಗಿಲುಗಳು) ಹೆಚ್ಚಿ ಮಿಡಿತಕ್ಕೆ ಕಡಿವಾಣ ಹಾಕುತ್ತವೆ. 2013ರಲ್ಲಿ, ಬೆಳಕಿಗೆ ಸ್ಪಂದಿಸುವಂತೆ ಮಾರ್ಪಡಿಸಿದ ಕೋಶಗಳ ಮೇಲೆ ಬೆಳಕು ಬಿಟ್ಟು ವಿಟಿಎಯಿಂದ ಅಕಂಬೆನ್ಸ್‌ಗೆ ಹೋಗುವ ದಾರಿಯನ್ನು ಕೆರಳಿಸಿದಾಗ, ಅಲ್ಪ ಸೋಲಿಗೂ ಇಲಿಗಳು ಕುಗ್ಗಿದವು. ಅದೇ ವರ್ಷ, ದೀರ್ಘಕಾಲದ ಸೌಮ್ಯ ಒತ್ತಡ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ ಇದೇ ಕೋಶಗಳನ್ನು ಕೆರಳಿಸಿದಾಗ ಇಲಿಗಳು ಚೇತರಿಸಿಕೊಂಡವು! ಎರಡೂ ಸರಿ. ಒತ್ತಡದ ಬಗೆ ಬೇರೆ ಅನ್ನುವುದು ಇದಕ್ಕೆ ಒಂದು ಕಾರಣ ಇರಬಹುದು.

ಸುಖದ ಆಸೆ ಅಳೆಯಲು ಸಕ್ಕರೆ ನೀರಿನ ಪರೀಕ್ಷೆ ಇದೆ. ಒಂದು ಬಾಟಲಿಯಲ್ಲಿ 1% ಸುಕ್ರೋಸ್, ಇನ್ನೊಂದರಲ್ಲಿ ಬರೀ ನೀರು. ಇಲಿಗೆ ಒಂದೇ ಬದಿಯ ಅಭ್ಯಾಸ ಬೀಳುವುದರಿಂದ ದಿನಕ್ಕೊಮ್ಮೆ ಜಾಗ ಅದಲುಬದಲು ಮಾಡಬೇಕು. ಏಪ್ರಿಲ್‌ನ ದಾವಣಗೆರೆ ಸೆಕೆಯಲ್ಲಿ ಏಸಿ ಕೈಕೊಟ್ಟರೆ ಕುಡಿಯುವ ಒಟ್ಟು ನೀರೇ ಏರಿಬಿಡುತ್ತದೆ, ಆದ್ದರಿಂದ ಎಷ್ಟು ಮಿ.ಲೀ. ಅನ್ನುವುದಕ್ಕಿಂತ ಒಟ್ಟು ಕುಡಿದದ್ದರಲ್ಲಿ ಸಿಹಿ ನೀರಿನ ಪಾಲೆಷ್ಟು ಅನ್ನುವುದನ್ನೇ ನೋಡಿ. ಇಲಿ ಇಲ್ಲದ ಒಂದು ಬೋನಿಗೂ ಅದೇ ಎರಡು ಬಾಟಲಿ ಸಿಕ್ಕಿಸಿಡಿ. ಅದರಿಂದ ಸೋರಿದ್ದನ್ನು ತೂಗಿ ಉಳಿದ ಬೋನುಗಳ ಲೆಕ್ಕದಿಂದ ಕಳೆಯಬೇಕು.