ಸಕ್ರೆಬೈಲಿನಲ್ಲಿ ತಡೆದು ನಿಂತ ಚುಕ್ಕಿ

ತೀರ್ಥಹಳ್ಳಿಯ ಸಮೀಪದ ನಮ್ಮ ಊರಿನಿಂದ ಬೆಂಗಳೂರಿನ ಹೊರವಲಯದ ಸವಾರಿ ಮೈದಾನಕ್ಕೆ ಒಂದು ಎಳೆಯ ತಟ್ಟುಕುದುರೆಯನ್ನು ಅದರ ಮೊದಲ ಜಿಗಿತದ ಸ್ಪರ್ಧೆಗೆಂದು ಕರೆದೊಯ್ದೆವು. ಮುನ್ನೂರೈವತ್ತು ಕಿಲೋಮೀಟರಿಗೂ ಮೀರಿದ ಆ ದಾರಿಯಲ್ಲಿ ನನ್ನ ಮನಸ್ಸಿನಲ್ಲಿ ನೆಲೆಯೂರಿರುವುದು ಸಕ್ರೆಬೈಲಿನ ಆನೆ ಬಿಡಾರದ ಆಸುಪಾಸಿನ ಒಂದು ಫರ್ಲಾಂಗು ಮಾತ್ರ.

ಕುದುರೆಯ ಹೆಸರು ಚುಕ್ಕಿ, ವಯಸ್ಸು ಐದು. ಹಣೆಯ ಮೇಲೆ ಬಿಳಿಯ ಬೊಟ್ಟಿದೆ. ತಾಯಿಯ ಕಡೆಯಿಂದ ಕಾಠಿಯಾವಾಡಿ ರಕ್ತ ಬಂದಿರುವುದರಿಂದ ಕಿವಿಗಳು ಒಳಕ್ಕೆ ಬಾಗಿದ್ದು, ಏನನ್ನಾದರೂ ಗಮನವಿಟ್ಟು ಆಲಿಸುವಾಗ ಎರಡರ ತುದಿಗಳೂ ಒಂದನ್ನೊಂದು ಮುಟ್ಟುತ್ತವೆ. ಅಂತರರಾಷ್ಟ್ರೀಯ ನಿಯಮದಂತೆ ಲಾಳವಿಲ್ಲದೆ ಹೆಗಲಿನ ಬಳಿ 148 ಸೆಂಟಿಮೀಟರ್ ಮೀರದ ಕುದುರೆ ಪೋನಿ ಎನಿಸಿಕೊಳ್ಳುತ್ತದೆ. ಚುಕ್ಕಿ ಅದಕ್ಕಿಂತ ಸಾಕಷ್ಟು ಗಿಡ್ಡ. ಅದರ ಸವಾರಳು ಹನ್ನೊಂದು ವರ್ಷದ ನನ್ನ ಅಣ್ಣನ ಮಗಳು. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾದ ಕೂಡಲೇ ಅವಳು ಬುಟ್ಟಿಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಅಡಿಕೆ ದಬ್ಬೆಗಳನ್ನು ಅಡ್ಡವಿಟ್ಟು ಅಭ್ಯಾಸ ಮಾಡಿಸುತ್ತಿದ್ದಳು. ಮೊಣಕಾಲೆತ್ತರದ ದಬ್ಬೆಯನ್ನು ಚುಕ್ಕಿ ಒಮ್ಮೆ ಮೂಸಿ ನೋಡಿ, ಹಿಂದೆ ಸರಿದು, ಬಳಿಕ ನಿರಾಯಾಸವಾಗಿ ದಾಟುತ್ತಿತ್ತು. ಹಾಗೆ ಮೂಸಿ ನೋಡಲು ಸ್ಪರ್ಧೆಯಲ್ಲಿ ಅವಕಾಶವಿಲ್ಲವೆಂಬುದು ನನಗೆ ತಿಳಿದದ್ದು ಪ್ರಯಾಣದ ದಿನವೇ.

ಕಾಗದಪತ್ರಗಳ ಓಡಾಟವನ್ನು ವಿಸ್ತರಿಸುವುದಿಲ್ಲ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗವಾದ್ದರಿಂದ ಅದಿಲ್ಲವೆಂಬ ರಕ್ತಪರೀಕ್ಷೆಯ ವರದಿಯನ್ನೂ, ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆಯೆಂಬ ಪಶುವೈದ್ಯರ ಪ್ರಮಾಣಪತ್ರವನ್ನೂ ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಆದರೆ ಲಾರಿಯ ವಿಚಾರವನ್ನು ಹೇಳದೆ ಬಿಡಲಾರೆ. ಕುದುರೆ ಸಾಗಿಸುವುದಕ್ಕೆಂದೇ ಸಜ್ಜುಗೊಳಿಸಿದ ವಾಹನ ಕಳುಹಿಸುತ್ತೇನೆಂದು ಮುಂಗಡ ಪಡೆದಿದ್ದ ಸಾಗಣೆದಾರನು ನಸುಕಿನಲ್ಲಿ ನಮ್ಮ ಅಂಗಳಕ್ಕೆ ಕಳುಹಿಸಿದ್ದು, ತಳಕ್ಕೆ ಬರೀ ಕಬ್ಬಿಣದ ತಗಡು ಹೊಡೆದಿದ್ದ ಸಾಮಾನು ಲಾರಿಯನ್ನು. ಚಾಲಕ ಎರಡು ಕಂತೆ ಒಣಹುಲ್ಲು ಹರಡಿ ಸಾಕೆಂದ. ಮಂಡಗದ್ದೆ ದಾಟುವಷ್ಟರಲ್ಲಿ ಆ ಹುಲ್ಲೆಲ್ಲ ಮೂಲೆಗೆ ಜಾರಿ, ಪ್ರತಿ ತಿರುವಿನಲ್ಲೂ ಚುಕ್ಕಿಯ ಗೊರಸು ತಗಡಿನ ಮೇಲೆ ಕಿರ್ರೆಂದು ಎಳೆಯುವ ಸದ್ದು ನಮ್ಮ ಹಲ್ಲಿಗೆ ತಾಗುತ್ತಿತ್ತು. ಕುದುರೆಯನ್ನು ಸಾಗಿಸುವವರು ಮುಂಗಡ ಕೊಡುವ ಮುನ್ನ ವಾಹನದ ತಳವನ್ನು ಕಣ್ಣಾರೆ ನೋಡತಕ್ಕದ್ದು. ರಬ್ಬರಿನ ಹಾಸಿರಬೇಕು, ಇಲ್ಲವೇ ದಪ್ಪ ತೆಂಗಿನ ನಾರಿನ ಚಾಪೆಯನ್ನು ಅಲುಗದಂತೆ ಬಿಗಿದಿರಬೇಕು; ಬರಿಯ ಹುಲ್ಲನ್ನು ನಂಬಬಾರದು. ಪರವೂರಿನ ನೀರನ್ನು ಕುದುರೆ ಸುಲಭವಾಗಿ ಮುಟ್ಟುವುದಿಲ್ಲ. ಅದಕ್ಕೆ ನನ್ನ ಅತ್ತಿಗೆ ಕಂಡುಕೊಂಡ ಉಪಾಯ ಬಲು ಚೆನ್ನಾಗಿತ್ತು: ಹೊರಡುವುದಕ್ಕೆ ಮೊದಲೇ ಕೆಲವು ದಿನ ಬಕೆಟ್ಟಿಗೆ ಒಂದು ಸೌಟು ಜೋನಿಬೆಲ್ಲ ಕದಡಿ ಕುಡಿಸಿ ರೂಢಿ ಮಾಡಿದ್ದರಿಂದ, ಅದೇ ರುಚಿಯ ಆಸೆಗೆ ಚುಕ್ಕಿ ದಾರಿಯುದ್ದಕ್ಕೂ ನೀರು ಕುಡಿಯಿತು.

ಸಕ್ರೆಬೈಲು ಸಮೀಪಿಸುತ್ತಿದ್ದಂತೆ ಚುಕ್ಕಿ ಹಲಗೆಗೆ ಒದೆಯತೊಡಗಿದಾಗ ಅಣ್ಣ ಲಾರಿ ನಿಲ್ಲಿಸಿದ. ರಸ್ತೆ ಬದಿಯ ಮಣ್ಣಿನ ದಿಣ್ಣೆಗೆ ಲಾರಿಯ ಹಿಂಭಾಗವನ್ನು ತಾಗಿಸಿ, ಚುಕ್ಕಿಯನ್ನು ಕೆಳಗಿಳಿಸಿ, ತಳವನ್ನು ಸರಿಪಡಿಸುವುದೆಂದು ತೀರ್ಮಾನವಾಯಿತು. ಇಳಿದ ಚುಕ್ಕಿ ನಾಲ್ಕು ಹೆಜ್ಜೆಯಿಟ್ಟು ನೆಲಕ್ಕೆ ನೆಟ್ಟಂತೆ ನಿಂತುಬಿಟ್ಟಿತು. ಕಿವಿಯ ತುದಿಗಳು ಒಂದಕ್ಕೊಂದು ತಾಗಿದ್ದವು, ಮೂಗಿನ ಹೊಳ್ಳೆಗಳು ಅರಳಿದ್ದವು, ಎದೆಯ ಚರ್ಮ ಅಲೆಯಲೆಯಾಗಿ ನಡುಗುತ್ತಿತ್ತು. ಗಾಜನೂರು ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಿಡಾರದ ಆನೆಗಳಿಗೆ ತುಂಗೆಯಲ್ಲಿ ಮೈತೊಳೆಸುವ ಹೊತ್ತು ಅದು. ನಮಗೆ ಇನ್ನೂ ಒಂದು ಆನೆಯೂ ಕಂಡಿರಲಿಲ್ಲ. ಅಣ್ಣ ಹಗ್ಗ ಜಗ್ಗಿದಷ್ಟೂ ಚುಕ್ಕಿ ಹಿಂಗಾಲಿನ ಮೇಲೆ ಭಾರ ಬಿಟ್ಟು ಹಿಂದಕ್ಕೆ ಸರಿಯುತ್ತಿತ್ತು.

ಆ ದಾರಿಯಾಗಿ ಹಸಿಹುಲ್ಲಿನ ಹೊರೆ ಹೊತ್ತು ಬಂದ ಮಾವುತರಿಗೆ ನೆರವಾಗುವ ವಯಸ್ಸಾದ ಕಾವಾಡಿಯೊಬ್ಬರು ಹೊರೆಯನ್ನು ಇಳಿಸಿ, ಸ್ವಲ್ಪ ಹೊತ್ತು ನೋಡಿ, “ಹಗ್ಗ ಸಡಿಲ ಬಿಡಿ ಸ್ವಾಮಿ, ನೀವು ಬಿಗಿ ಹಿಡಿದಷ್ಟೂ ನಿಮಗೂ ಹೆದರಿಕೆಯಾಗಿದೆ ಅಂತ ಅದಕ್ಕೆ ಗೊತ್ತಾಗುತ್ತೆ” ಎಂದರು. ಅಣ್ಣನ ಮಗಳು ಹಗ್ಗವನ್ನು ಅಪ್ಪನ ಕೈಯಿಂದ ಇಸಿದುಕೊಂಡು ಸಡಿಲ ಬಿಟ್ಟಳು. “ಕಾಣದ ಆನೆಗೆ ಹೆದರಿದೆ ಇದು. ಕಂಡರೆ ಅರ್ಧ ಹೆದರಿಕೆ ಇಳಿಯುತ್ತೆ. ಅದರ ಮುಖವನ್ನು ತಿರುಗಿಸಬೇಡ, ನೀನು ಮಾತ್ರ ಆ ಕಡೆಗೆ ಬೆನ್ನು ಮಾಡಿ ನಿಲ್ಲು ಮಗಾ” ಎಂದು ಹೇಳಿಕೊಟ್ಟು, ಅವರು ಬೇಲಿಯ ಬದಿಗೆ ಕುಕ್ಕರುಗಾಲಿನಲ್ಲಿ ಕುಳಿತರು.

ನಾವೂ ಕುಳಿತೆವು. ಚಾಲಕ ಎರಡು ಬಾರಿ ಗಡಿಯಾರ ತೋರಿಸಿದ, ಯಾರೂ ಏಳಲಿಲ್ಲ. ಕಾಡಿನಿಂದ ಹಿಡಿದು ತಂದ ಆನೆಯನ್ನು ಕ್ರಾಲಿನೊಳಗೆ, ಅಂದರೆ ದಪ್ಪ ಮರದ ದಿಮ್ಮಿಗಳ ದೊಡ್ಡಿಯೊಳಗೆ, ಪಳಗಿಸುವಾಗ ಮೊದಮೊದಲು ತಾವು ಮಾಡುವ ಕೆಲಸವೆಂದರೆ ಹತ್ತಿರ ಕುಳಿತು ಮಾತನಾಡುವುದಷ್ಟೇ ಎಂದು ಅವರು ವಿವರಿಸಿದರು. ಕಬ್ಬು, ಬೆಲ್ಲ ಕೊಡುತ್ತಾ ಕೂತರೆ ದನಿಯ ಪರಿಚಯವಾಗುತ್ತದೆ, ದನಿಯ ಪರಿಚಯವಾದ ಮೇಲೆ ಕೈಯ ಪರಿಚಯ. ಕುದುರೆಯನ್ನು ಎಲ್ಲಿಗೆ ಒಯ್ಯುತ್ತಿದ್ದೀರೆಂಬ ಅವರ ಪ್ರಶ್ನೆಗೆ ಹುಡುಗಿ ಜಿಗಿತದ ಸ್ಪರ್ಧೆಯ ಬಗ್ಗೆ ಹೇಳತೊಡಗಿದಳು. ಅವರು ನಕ್ಕು, “ಆನೆ ಹಾರೋದೇ ಇಲ್ಲ ನೋಡು. ಅನುಮಾನದ ನೆಲ ಅಂದರೆ ಮುಂಗಾಲಿಟ್ಟು ಒತ್ತಿ ನೋಡುತ್ತೆ, ಆಮೇಲೇ ಭಾರ ಬಿಡುತ್ತೆ. ನಿನ್ನ ಕುದುರೆ ಹೇಗೆ ನೋಡಿಕೊಳ್ಳುತ್ತೆ?” ಎಂದರು.

“ಅದಕ್ಕೆ ತೋರಿಸೋ ಹಾಗಿಲ್ಲ ಅಜ್ಜ. ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರೆ ತಪ್ಪು. ಶುರುವಾಗೋ ಮೊದಲು ನಾನೊಬ್ಬಳೇ ನಡೆದುಕೊಂಡು ಹೋಗಿ ನೋಡಿ ಬರಬೇಕು.”

“ಅಂದರೆ ನೋಡಿದವಳು ನೀನು, ಹಾರೋದು ಅದು?”

“ಹೌದು.”

ಅವರು ಮತ್ತೆ ಚುಕ್ಕಿಯ ಕಡೆ ನೋಡಿ, “ಪಾಪದ್ದು” ಎಂದರು. ಆ ಒಂದು ಮಾತಿನ ಬಳಿಕ ನನಗೆ ಆ ಆಟದ ಮೇಲಿದ್ದ ದೃಷ್ಟಿಯೇ ಬದಲಾಯಿತು. ಕುದುರೆಯ ಕಣ್ಣುಗಳು ತಲೆಯ ಎರಡೂ ಪಕ್ಕಗಳಲ್ಲಿರುವುದರಿಂದ ಬೆನ್ನ ಹಿಂದಿನ ಸ್ವಲ್ಪ ಭಾಗವನ್ನು ಬಿಟ್ಟು ಸುತ್ತಲೂ ಕಾಣುತ್ತದೆ. ಆದರೆ ಹಣೆಯ ನೇರಕ್ಕೆ, ಮೂಗಿನ ಮುಂದೆಯೇ, ಏನೂ ಕಾಣದ ಒಂದು ತುಂಡು ಜಾಗವಿದೆ. ನೆಲದಿಂದ ಕಾಲೆತ್ತುವ ಗಳಿಗೆಯಲ್ಲಿ ಅಡ್ಡಗಂಬ ಆ ಜಾಗದೊಳಗೆ ಸೇರಿಕೊಳ್ಳುವುದರಿಂದ, ತಾನು ದಾಟುತ್ತಿರುವುದನ್ನು ಕುದುರೆ ಕಾಣದೆಯೇ ದಾಟುತ್ತದೆ.

ಅಷ್ಟರಲ್ಲಿ ಹಿನ್ನೀರಿನಿಂದ ಎರಡು ಆನೆಗಳು ನೀರು ಸುರಿಸುತ್ತಾ ಮೇಲೇರಿ ಬಂದವು. ಚುಕ್ಕಿ ಒಮ್ಮೆ ದೀರ್ಘವಾಗಿ ಬುಸುಗುಟ್ಟಿತು, ತಿರುಗಿ ಓಡಲಿಲ್ಲ. ಆನೆಗಳು ದೂರದಲ್ಲೇ ಹಾದುಹೋಗಿ, ಭತ್ತ ಮತ್ತು ಬೆಲ್ಲವನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆಯ ಕಡೆಗೆ ನಡೆದವು. ಇಕ್ಕೇರಿಯ ಅರಸರ ಕಾಲದಲ್ಲಿ ಇದೇ ಸೀಮೆಯಲ್ಲಿ ಆನೆಯ ಪಕ್ಕದಲ್ಲಿ ಕುದುರೆಯನ್ನು ನಿಲ್ಲಿಸಬೇಕಾಗಿ ಬಂದವರು, ಭಟ್ಕಳದಂಥ ಬಂದರುಗಳಲ್ಲಿ ಹಡಗಿನಿಂದಿಳಿದು ಘಟ್ಟ ಹತ್ತಿ ಬರುತ್ತಿದ್ದ ಅರಬ್ಬೀ ಕುದುರೆಗಳಿಗೆ ಇದನ್ನು ಹೇಗೆ ಕಲಿಸಿದ್ದರೋ ಎಂದು ನಾನು ಯೋಚಿಸುತ್ತಿದ್ದಾಗ, ಚುಕ್ಕಿ ತಲೆ ತಗ್ಗಿಸಿ ಕಾವಾಡಿಯ ಹೊರೆಯಿಂದ ಒಂದು ಬಾಯಿ ಹುಲ್ಲು ಎಳೆದುಕೊಂಡಿತು. “ಇನ್ನು ಹತ್ತಿಸಿ” ಎಂದು ಅವರು ಎದ್ದರು. ಅವರಿಗೆ ಹಣ ಕೊಡಲು ಹೋದ ಅಣ್ಣನನ್ನು ಒಂದೇ ನೋಟದಲ್ಲಿ ತಡೆದರು.

ಶಿವಮೊಗ್ಗ, ಭದ್ರಾವತಿ, ತರೀಕೆರೆ, ಕಡೂರುಗಳು ಹಾದುಹೋದವು. ಅರಸೀಕೆರೆಯಲ್ಲಿ ನಾರಿನ ಚಾಪೆಗಳನ್ನು ಕೊಂಡು ತಳಕ್ಕೆ ಬಿಗಿದೆವು. ಹೆದ್ದಾರಿಯ ಹೋಟೆಲೊಂದರಲ್ಲಿ ಮಲೆನಾಡು ಕಡುಬೆಂಬ ಹೆಸರಿನಲ್ಲಿ ಬಡಿಸಿದ ವಸ್ತುವಿನ ಬಗ್ಗೆ ಮೌನವೇ ಲೇಸು.

ಮೈದಾನದಲ್ಲಿ ಅರವತ್ತು ಸೆಂಟಿಮೀಟರ್ ಎತ್ತರದ ಎಂಟು ಅಡೆತಡೆಗಳಿದ್ದವು. ಪ್ರತಿಯೊಂದಕ್ಕೂ ಬಲಕ್ಕೆ ಕೆಂಪು, ಎಡಕ್ಕೆ ಬಿಳಿಯ ಬಾವುಟ. ಗಂಬ ಬಿದ್ದರೆ ನಾಲ್ಕು ದಂಡಾಂಕ, ಕುದುರೆ ಮೊದಲ ಬಾರಿ ನಿರಾಕರಿಸಿದರೂ ನಾಲ್ಕು. ನಮ್ಮ ಹುಡುಗಿ ಉದ್ದನೆಯ ಬೂಟಿನಲ್ಲಿ ಹೆಜ್ಜೆಯಳೆಯುತ್ತಾ, ತುಟಿಯಲ್ಲೇ ಎಣಿಸುತ್ತಾ ನಡೆದದ್ದನ್ನು ಬೇಲಿಯಾಚೆಯಿಂದ ನೋಡಿದೆ. ಮೂರನೆಯ ಗಂಬದಡಿಯಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಅವಳು ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು, ಬಗ್ಗಿ, ಒಂದು ಕುಂಡವನ್ನು ಕೈಯಿಂದ ಮುಟ್ಟಿ ನೋಡಿದಳು.

ಗಂಟೆ ಬಾರಿಸಿತು. ಮೊದಲೆರಡನ್ನು ಚುಕ್ಕಿ ಸಲೀಸಾಗಿ ದಾಟಿತು. ಕುಂಡಗಳ ಮುಂದೆ ಚುಕ್ಕಿ ಕಿವಿ ಜೋಡಿಸಿ ಸ್ತಬ್ಧವಾಯಿತು. ನನ್ನ ಪಕ್ಕದಲ್ಲಿದ್ದ ಗೃಹಸ್ಥರೊಬ್ಬರು “ಚಾಟಿ, ಚಾಟಿ” ಎಂದು ಕೂಗಿದ್ದು ನನಗೆ ಹಿಡಿಸಲಿಲ್ಲ. ಹುಡುಗಿ ಚಾಟಿಯೆತ್ತದೆ ಲಗಾಮನ್ನು ಬೆರಳಷ್ಟು ಸಡಿಲಿಸಿ, ದೊಡ್ಡ ಸುತ್ತು ಹಾಕಿ, ಏನೋ ಮಾತನಾಡುತ್ತಲೇ ಮರಳಿ ಬಂದಳು. ಚುಕ್ಕಿ ಬೇಕಾದದ್ದಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ, ನಾಲ್ಕೂ ಕಾಲು ಮಡಚಿ, ಕುಂಡಗಳನ್ನು ದಾಟಿತು. ಅವಳು ತಡಿಯಿಂದ ಮೇಲೆದ್ದು ಜೂಲು ಹಿಡಿದು ಉಳಿದಳು. ಉಳಿದ ಐದರಲ್ಲಿ ಒಂದು ಗಂಬವೂ ಬೀಳಲಿಲ್ಲ. ನಾಲ್ಕು ದಂಡಾಂಕಗಳಾದ್ದರಿಂದ ಬಹುಮಾನದ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಏನು ಮಾತನಾಡುತ್ತಿದ್ದೆಯೆಂದು ಅಣ್ಣ ಕೇಳಿದ. “ಮುಂದೆ ಏನೇನಿದೆ ಅಂತ ಒಂದೊಂದಾಗಿ ಹೇಳುತ್ತಿದ್ದೆ” ಎಂದಳು.

ಮರಳುವಾಗ ಬೇರೆ ಲಾರಿ ಗೊತ್ತು ಮಾಡಿದೆವು. ಅದರ ಚಾಲಕ ಜೂಜುಕುದುರೆಗಳನ್ನು ಸಾಗಿಸಿ ಪಳಗಿದವನು. ತಳಕ್ಕೆ ರಬ್ಬರು, ಪಕ್ಕಗಳಿಗೆ ಮೆತ್ತೆ, ಹತ್ತಲು ಇಳಿಜಾರು ಹಲಗೆ ಎಲ್ಲವೂ ಇದ್ದವು. ಬಾಡಿಗೆ ಮೊದಲಿನದರ ಒಂದೂವರೆಯಷ್ಟು. ಅಡಿಕೆ ಮಂಡಿಯಲ್ಲಿ ಹತ್ತು ರೂಪಾಯಿಗೆ ಅರ್ಧ ದಿನ ಚೌಕಾಸಿ ಮಾಡುವ ನನ್ನ ಅಣ್ಣ, ತುಟಿ ಪಿಟಕ್ಕೆನ್ನದೆ ಎಣಿಸಿಕೊಟ್ಟ.