ಕಾಟನ್ ಅನ್ನೋ ಪದ

ಬೆಳಿಗ್ಗೆ ನಮ್ಮವ್ವ ಬೆರಳಿಗೆ ಒಂಚೂರು ವಿಭೂತಿ ಹಚ್ಕೊಂಡು ಅರಳೆ ಹಿಂಜಿ ಬತ್ತಿ ಹೊಸೀತಿದ್ಲು, ಪಕ್ಕದಲ್ಲಿ ಕೂತಿದ್ದ ಮಗಳು ಅಜ್ಜಿ ಇದು ಕಾಟನ್ ಅಲ್ವಾ ಅಂತ ಕೇಳಿದ್ಳು. ಆಗಿಂದ ಆ ಪದ ತಲೇಲೇ ಕೂತ್ಬಿಟ್ಟಿದೆ.

ಕಾಟನ್ ಮೂಲ ಇಂಗ್ಲಿಷ್ ಪದ ಅಲ್ವೇ ಅಲ್ಲ. ಅರಬ್ಬಿ ಭಾಷೇಲಿ ಹತ್ತಿಗೆ ಕುತ್ನ್ ಅಂತಾರೆ, ಅರಬ್ಬರು ಹತ್ತಿ ಬೆಳೆಯೋದನ್ನ ಸ್ಪೇನ್, ಸಿಸಿಲಿ ಕಡೆ ಒಯ್ದಾಗ ಪದಾನೂ ಜೊತೇಲೇ ಹೋಯ್ತು, ಅಲ್ಲಿಂದ ಫ್ರೆಂಚಿಗೆ, ಫ್ರೆಂಚಿಂದ ಇಂಗ್ಲಿಷಿಗೆ. ಸ್ಪ್ಯಾನಿಷಲ್ಲಿ ಇವತ್ತಿಗೂ ಅಲ್ಗೊದೋನ್ ಅಂತಾರಂತೆ, ಇಂಗ್ಲಿಷಿನ 'ದ' ಥರ ಪದದ ಮುಂದೆ ಬರೋ ಅರಬ್ಬಿಯ 'ಅಲ್' ಹಂಗೇ ಅಂಟ್ಕೊಂಡಿದೆ ನೋಡಿ! ಕ್ಯಾಲಿಕೋ ಅನ್ನೋ ಹತ್ತಿ ಬಟ್ಟೆ ಹೆಸರಂತೂ ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಯಿಂದ ಬಂದಿದ್ದು. ಈಗ ಪಾಕಿಸ್ತಾನದಲ್ಲಿರೋ ಮೊಹೆಂಜೊದಾರೊದಲ್ಲೇ ಹತ್ತಿ ಬಟ್ಟೆ ಚೂರು ಸಿಕ್ಕಿರೋ ಉಪಖಂಡ ನಮ್ದು, ಆದ್ರೂ ಕಾಟನ್ ಅಂದ್ರೆ ಇಂಗ್ಲಿಷರ ವಸ್ತು ಅನ್ನೋ ಥರ ಮಾತಾಡ್ತೀವಲ್ಲ ಅಂತ ನಿಜಕ್ಕೂ ಬೇಜಾರಾಗುತ್ತೆ.

ನಮ್ ದಾವಣಗೆರೆನೂ ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡಿದ್ದ ಊರು. ಅಪ್ಪ ಮಿಲ್ಲಿಂದ ಶಿಫ್ಟ್ ಮುಗಿಸಿ ಬಂದ್ರೆ ತಲೆಗೂದ್ಲು, ಹುಬ್ಬು, ಕಿವಿ ಮೇಲೆಲ್ಲ ಬೆಳ್ಳಗೆ ಅರಳೆ ಎಳೆ, ಅವ್ವ ಬಾಗಿಲಲ್ಲೇ ನಿಲ್ಸಿ ಟವೆಲ್ ತಗೊಂಡು ಕೊಡವ್ತಿದ್ಲು.