ಟವರಿನ ಮೇಲೊಂದು ಬಾಣಂತನ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮಾಳಿಗೆಗೆ ಎದುರಾಗಿರುವ ಮೊಬೈಲ್ ಟವರಿನ ಮೇಲೆ ಈ ವರ್ಷ ಹದ್ದಿನ ಜೋಡಿಯೊಂದು ಗೂಡು ಕಟ್ಟಿತು. ಪಕ್ಷಿಗಳ ಹುಚ್ಚಿರುವ ನಾವು ನಾಲ್ವರು ಸರದಿಯ ಮೇಲೆ ದಿನವೂ ಬೆಳಿಗ್ಗೆ ಒಂದು ತಾಸು ದುರ್ಬೀನು ಹಿಡಿದು ಕುಳಿತು, ಕಂಡದ್ದನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು.

ಲಂಡನ್, ನ್ಯೂಯಾರ್ಕ್‌ಗಳಲ್ಲಿ ಸ್ವಯಂಸೇವಕರು ಇದೇ ರೀತಿ ಪೆರೆಗ್ರಿನ್ ಚಾಣಗಳನ್ನು ಕಾಯುತ್ತಾರೆ. ಚಾಣ ಕಡ್ಡಿ ತಂದು ಗೂಡು ಕಟ್ಟುವ ಹಕ್ಕಿಯಲ್ಲ. ಬಂಡೆಯ ಚಾಚಿನ ಮೇಲೆ ಜಲ್ಲಿ ಕೆದರಿ, ಆ ತಗ್ಗಿನಲ್ಲೇ ಮೊಟ್ಟೆ ಇಡುತ್ತದೆ. ಆದ್ದರಿಂದ ಅಲ್ಲಿಯವರು ಎತ್ತರದ ಕಟ್ಟಡಗಳ ಮೇಲೆ ಜಲ್ಲಿ ತುಂಬಿದ ಪೆಟ್ಟಿಗೆ ಇಡುತ್ತಾರೆ. ನಮ್ಮ ಹದ್ದಿಗೆ ಇಂಥ ಉಪಚಾರ ಬೇಕಾಗಲಿಲ್ಲ. ಕಬ್ಬಿಣದ ಮೂಲೆಯೊಂದು ಸಿಕ್ಕರೆ ಉಳಿದ ಸಾಮಾನನ್ನು ಅದೇ ಹೊಂದಿಸಿಕೊಳ್ಳುತ್ತದೆ.

ಕೆಳಗಿನಿಂದ ನೋಡುವವರಿಗೆ ಮೊಟ್ಟೆ ಕಾಣುವುದಿಲ್ಲ ಎಂಬುದೇ ಈ ಕೆಲಸದ ದೊಡ್ಡ ತೊಡಕು. ಫೆಬ್ರವರಿ 4ರಂದು ಗೂಡಿನ ಅಂಚಿನಾಚೆ ಕವಲು ಬಾಲದ ತುದಿಯಷ್ಟೇ ಕಂಡಾಗ ನಾನು ಉತ್ಸಾಹದಿಂದ 'ಮೊಟ್ಟೆ ಇಟ್ಟಿದೆ' ಎಂದು ಬರೆದೆ. ಗೆಳತಿಯೊಬ್ಬಳು ಅದನ್ನು ಹೊಡೆದುಹಾಕಿ 'ಹಕ್ಕಿ ಕುಳಿತಿದೆ, ಬಾಲ ಮಾತ್ರ ಕಾಣುತ್ತದೆ' ಎಂದು ತಿದ್ದಿದಳು. ಆಗ ಸಿಟ್ಟು ಬಂದದ್ದು ನಿಜ, ಆದರೆ ಅವಳು ಮಾಡಿದ್ದು ಸರಿಯಾಗಿತ್ತು. ಹದ್ದು ಸುಮಾರು ಒಂದು ತಿಂಗಳು ಕಾವು ಕೊಡುತ್ತದೆ. ಮಾರ್ಚ್ 7ರ ಬೆಳಿಗ್ಗೆ ಹಕ್ಕಿ ಕೂರುವ ಬದಲು ಅಂಚಿನಲ್ಲಿ ನಿಂತು, ಕಾಲಿನಡಿ ಏನನ್ನೋ ಒತ್ತಿ ಹಿಡಿದು, ಚೂರು ಚೂರಾಗಿ ಹರಿದು, ಕೊಕ್ಕನ್ನು ಗೂಡಿನೊಳಗೆ ಬಾಗಿಸುತ್ತಿತ್ತು. ಮರಿ ಇರುವುದು ತಿಳಿದದ್ದು ಈ ಬಾಗುವಿಕೆಯಿಂದಲೇ; ಬಿಳಿ ತುಪ್ಪುಳದ ತಲೆ ಕಾಣಲು ಮತ್ತೂ ಹನ್ನೆರಡು ದಿನ ಹಿಡಿಯಿತು. ಬಿಸಿಲು ಏರಿದ ಮೇಲೆ ತಾಯಿಯೋ ತಂದೆಯೋ ರೆಕ್ಕೆ ಅರೆಬಿಚ್ಚಿ ಮರಿಗೆ ನೆರಳಾಗಿ ನಿಲ್ಲುತ್ತಿತ್ತು. ಗಂಡು ಹೆಣ್ಣುಗಳ ರೂಪ ಒಂದೇ ಆದ್ದರಿಂದ ನೋಟ್‌ಬುಕ್ಕಿನಲ್ಲಿ ಕೊನೆಯವರೆಗೂ 'ಒಂದು ಹಕ್ಕಿ' ಎಂದೇ ಉಳಿಯಿತು.

ಗೂಡಿನಂಚಿಗೆ ಬಿಳಿ ಪ್ಲಾಸ್ಟಿಕ್ ಚೀಲವೊಂದು ಜೋತುಬಿದ್ದಿತ್ತು. ನಾವು ಅದನ್ನು ಕಸವೆಂದುಕೊಂಡಿದ್ದೆವು. ಸ್ಪೇನಿನ ದೊನ್ಯಾನಾದಲ್ಲಿ ಇದೇ ಜಾತಿಯ ಹದ್ದುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಲಿಷ್ಠ ಜೋಡಿಗಳು ಬಿಳಿ ಪ್ಲಾಸ್ಟಿಕ್ಕಿನಿಂದ ಗೂಡನ್ನು ಹೆಚ್ಚು ಅಲಂಕರಿಸಿ, ಇತರ ಹದ್ದುಗಳಿಗೆ ತಮ್ಮ ಶಕ್ತಿಯನ್ನು ಸಾರುತ್ತವೆ. ನಮ್ಮ ಚೀಲದ ಅರ್ಥವೂ ಅದೇ ಎಂದು ಹೇಳುವ ಧೈರ್ಯ ನನಗಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಟವರಿನ ದುರಸ್ತಿಗೆ ಬಂದವರು ಅರ್ಧ ಏರಿ ಇಳಿದರು. "ತಲಿ ಮ್ಯಾಲ ಬಡ್ಯಾಕ ಬರತೈತ್ರಿ ಅಕ್ಕಾರ" ಎಂದರು. ಅವರಿಗೆ ಚಹಾ ಕೊಟ್ಟು, ನೋಟ್‌ಬುಕ್ ತೋರಿಸಿ, ತಿಂಗಳ ಕೊನೆಗೆ ಮರಿ ಹಾರಬಹುದೆಂದು ತಾರೀಖು ಎಣಿಸಿ ಹೇಳಿದೆವು. ತುರ್ತು ಕೆಲಸವಲ್ಲವಾದ್ದರಿಂದ ಅವರು ಮೇಲಿನವರಿಗೆ ಫೋನ್ ಮಾಡಿ ಕೆಲಸವನ್ನು ಮುಂದೆ ಹಾಕಿದರು. ನೋಟ್‌ಬುಕ್ ನಮ್ಮನ್ನು ಬಿಟ್ಟು ಇನ್ನೊಬ್ಬರ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಏಪ್ರಿಲ್ 24ರಂದು ಮರಿ ಪಕ್ಕದ ನೀರಿನ ಟಾಕಿಯವರೆಗೆ ಹಾರಿ, ಇಳಿಯುವಾಗ ಮುಗ್ಗರಿಸಿತು. ಮೇ ತಿಂಗಳಲ್ಲಿ ಅದೇ ದುರಸ್ತಿಯವರು ಮತ್ತೆ ಬಂದು ಮೇಲೇರಿದರು. ಗೂಡಿನಲ್ಲಿ ಕಡ್ಡಿಗಳ ನಡುವೆ ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ತಂತಿ, ಗಾಳಿಪಟದ ದಾರ, ಮಗುವಿನ ಒಂದು ಕಾಲುಚೀಲ ಇದ್ದವೆಂದು ಇಳಿದು ಬಂದು ಹೇಳಿದರು. ಹದ್ದುಗಳು ಹಳೆಯ ಗೂಡಿಗೆ ಮರಳುವುದುಂಟು ಎಂದು ನಾವು ಮೊದಲೇ ಹೇಳಿದ್ದರಿಂದ, ಅದನ್ನು ಕೀಳದೆ ಬಿಟ್ಟು ಬಂದಿದ್ದರು.